ಅಪ್ಪನ ಜೊತೆ ಜಾಫ್ನಾಕ್ಕೆ: ಯುದ್ಧ ಕಂಡ ಊರಿಗೆ ಹೋಗುವ ಮುಂಚೆ ಏನೇನು ತಿಳಿದಿರಬೇಕು?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ಫೆಬ್ರುವರಿಯಲ್ಲಿ ಶ್ರೀಲಂಕಾಕ್ಕೆ ಹೊರಟಿದ್ದೇವೆ. ನಾನು, ನನ್ನ ಗಂಡ, ಅಪ್ಪ. ಕೊಲಂಬೊ, ಕ್ಯಾಂಡಿ, ದಕ್ಷಿಣದ ಬೀಚುಗಳ ಬಗ್ಗೆ ಬೇಕಾದಷ್ಟು ಮಾಹಿತಿ ಸಿಕ್ಕಿದೆ. ನನಗೆ ಬೇಕಾಗಿರುವುದು ಉತ್ತರದ ಕಡೆಯದು. ಜಾಫ್ನಾ, ಕಿಲಿನೊಚ್ಚಿ, ಸಾಧ್ಯವಾದರೆ ಮುಲ್ಲೈತೀವು.

ಕಾರಣ ಅಪ್ಪ. ಅವರು ಸೇನೆಯಲ್ಲಿದ್ದವರು. 1988–89ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಜಾಫ್ನಾದಲ್ಲಿದ್ದರು. ಆಗ ಅವರಿಗೆ 23 ವರ್ಷ. ವಾಪಸ್ ಬಂದ ಮೇಲೆ ಮನೆಯಲ್ಲಿ ಆ ಮಾತು ಎತ್ತಿದ್ದೇ ಇಲ್ಲ. ಹೋದ ತಿಂಗಳು ಕಡಲೆಕಾಯಿ ಸುಲಿಯುತ್ತಾ ಕೂತವರು ಇದ್ದಕ್ಕಿದ್ದಂತೆ "ಆ ಊರನ್ನು ಒಂದ್ಸಲ ನೋಡಿ ಬರಬೇಕು" ಎಂದರು. ಅಮ್ಮ ಇದ್ದಿದ್ದರೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ. ನಾನು ಟಿಕೆಟ್ ನೋಡಲು ಶುರು ಮಾಡಿದೆ.

ನನ್ನ ಪ್ರಶ್ನೆಗಳು ಇಷ್ಟು. ಅಲ್ಲಿ ಈಗಲೂ ನೆಲಬಾಂಬ್ ಇದೆಯಾ? ಹೋಗುವುದು ಹೇಗೆ? (ಅಪ್ಪನಿಗೆ ಮಂಡಿ ನೋವು.) ಭಾರತದವರನ್ನು ಹೇಗೆ ನೋಡುತ್ತಾರೆ? ಕೊನೆಯದಾಗಿ, ಅಪ್ಪ ತಾನು ಯಾರು ಅಂತ ಹೇಳಿಕೊಳ್ಳಬೇಕಾ, ಬೇಡವಾ?

ಬಸ್ಸುಹುಚ್ಚ

ಹೋಗುವ ದಾರಿ ನಾನು ಹೇಳುತ್ತೇನೆ, ಉಳಿದದ್ದು ತಿಳಿದವರು ಹೇಳಲಿ.

ಕೊಲಂಬೊದಿಂದ ಜಾಫ್ನಾ ಸುಮಾರು 400 ಕಿಲೋಮೀಟರ್. ಮಂಡಿ ನೋವಿದ್ದರೆ ರೈಲೇ ವಾಸಿ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಹೊರಡುತ್ತದೆ. ಸರ್ಕಾರಕ್ಕೂ ತಮಿಳು ಹುಲಿಗಳಿಗೂ (ಎಲ್‌ಟಿಟಿಇ) ನಡೆದ ಯುದ್ಧದಲ್ಲಿ ಉತ್ತರದ ಹಳಿಗಳೆಲ್ಲ ಕಿತ್ತುಹೋಗಿದ್ದವು. ಹೊಸದಾಗಿ ಹಾಕಿಕೊಟ್ಟಿದ್ದು ನಮ್ಮ ರೈಲ್ವೆಯ ಇರ್ಕಾನ್ ಕಂಪನಿ. 2014ರ ಅಕ್ಟೋಬರ್‌ನಲ್ಲಿ 'ಯಾಳ್ ದೇವಿ' ರೈಲು ಮತ್ತೆ ಜಾಫ್ನಾ ಮುಟ್ಟಿತು. ಮುಂಗಡ ಸೀಟು ಬೇಗ ಖಾಲಿಯಾಗುತ್ತದೆ, ಬುಕಿಂಗ್ ತೆರೆದ ದಿನವೇ ಹಿಡಿಯಿರಿ. ಹಳಿ ರಿಪೇರಿ ಅಂತ ಮಧ್ಯೆ ಮಧ್ಯೆ ತಿಂಗಳುಗಟ್ಟಲೆ ನಿಲ್ಲಿಸಿದ್ದೂ ಇದೆ. ಹೊರಡುವ ವಾರ ಇನ್ನೊಮ್ಮೆ ವಿಚಾರಿಸಿ.

ಬಸ್ಸಿನವರು ರಾತ್ರಿ ಹೊರಟು ಬೆಳಗ್ಗೆ ಇಳಿಸುತ್ತಾರೆ. ಸೀಟು ಚೆನ್ನಾಗಿರುತ್ತದೆ. ಆದರೆ ರಾತ್ರಿ ಹೋದರೆ ಏ9 ರಸ್ತೆ ಕಾಣುವುದಿಲ್ಲ, ನೋಡಬೇಕಾದದ್ದೇ ಅದು. ವವುನಿಯಾ ದಾಟಿದ ಮೇಲೆ ಭೂಮಿಯ ಬಣ್ಣವೇ ಬೇರೆ. ಆನೆಯಿರವು ಹತ್ತಿರ ಎರಡೂ ಕಡೆ ನೀರು, ನಡುವೆ ಒಂದು ಪಟ್ಟಿಯಷ್ಟು ರಸ್ತೆ. ಆ ಪಟ್ಟಿಗಾಗಿ ಎಷ್ಟು ಸಲ ಕಾದಾಡಿದರು ಅಂತ ನಿಮ್ಮ ಅಪ್ಪನಿಗೇ ಗೊತ್ತಿರುತ್ತದೆ.

ಕೊಲಂಬೊ ಬೇಡವೇ ಬೇಡ ಅಂದರೆ ಚೆನ್ನೈನಿಂದ ಜಾಫ್ನಾದ ಪಲಾಲಿಗೆ ನೇರ ವಿಮಾನವಿದೆ. ಸಣ್ಣ ವಿಮಾನ, ಲಗೇಜ್ ಮಿತಿ ನೋಡಿಕೊಳ್ಳಿ. ನಾಗಪಟ್ಟಿಣಂನಿಂದ ಕಾಂಗೇಸನ್‌ತುರೈಗೆ ಹಡಗೂ ಇದೆ. 2023ರಲ್ಲಿ ಶುರುವಾಗಿ, ನಿಂತು, 2024ರಲ್ಲಿ ಮತ್ತೆ ಶುರುವಾಯಿತು. ಕಡಲು ಕೆಟ್ಟರೆ ರದ್ದು. ಅದನ್ನೇ ನಂಬಿ ವಾಪಸ್ಸಿನ ದಿನ ಇಟ್ಟುಕೊಳ್ಳಬೇಡಿ.

ದಕ್ಷಿಣಾಯನ

ನಾನು ಕೊಲಂಬೊದಲ್ಲಿ ಮೂರು ವರ್ಷ ಕೆಲಸ ಮಾಡಿದವನು. ಉತ್ತರಕ್ಕೆ ಏಳೆಂಟು ಸಲ ಹೋಗಿದ್ದೇನೆ.

ವೀಸಾ ಬಗ್ಗೆ ಒಂದೇ ಮಾತು. ನಿಯಮ, ಶುಲ್ಕ ಎರಡೂ ಆಗಾಗ ಬದಲಾಗುತ್ತವೆ. ಸರ್ಕಾರದ ಜಾಲತಾಣದಲ್ಲೇ ನೋಡಿ. ವಿಳಾಸದ ಕೊನೆಗೆ 'ಜಿಒವಿ ಡಾಟ್ ಎಲ್‌ಕೆ' ಇರಬೇಕು. ಅದೇ ರೀತಿ ಕಾಣುವ ಖಾಸಗಿ ಜಾಲತಾಣಗಳು ಸುಮಾರಿವೆ, ಎರಡರಷ್ಟು ದುಡ್ಡು ಕೀಳುತ್ತವೆ. ಉತ್ತರಕ್ಕೆ ಹೋಗಲು ವಿದೇಶಿಯರಿಗೆ ರಕ್ಷಣಾ ಇಲಾಖೆಯ ಅನುಮತಿ ಬೇಕು ಅಂತ ಹಳೆಯ ಬರಹಗಳಲ್ಲಿ ಓದಿರಬಹುದು. ಅದನ್ನು 2015ರ ಜನವರಿಯಲ್ಲೇ ತೆಗೆದರು.

ದುಡ್ಡು: ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರು ರೂಪಾಯಿಗಿಂತ ಜಾಸ್ತಿ ಬರುತ್ತದೆ. 2024ರ ಫೆಬ್ರುವರಿಯಿಂದ ನಮ್ಮ ಯುಪಿಐ ಅಲ್ಲಿ ನಡೆಯುತ್ತದೆ, ಆದರೆ ಎಲ್ಲ ಕಡೆ ಅಲ್ಲ. ದ್ವೀಪಕ್ಕೆ ಹೋಗುವ ದೋಣಿ, ಹಳ್ಳಿಯ ಚಹಾ ಅಂಗಡಿ, ಓಟೋ, ಎಲ್ಲಕ್ಕೂ ನೋಟೇ ಬೇಕು. ಜಾಫ್ನಾ ಪೇಟೆಯಲ್ಲಿ ಎಟಿಎಂಗೆ ಬರವಿಲ್ಲ. ಮುಲ್ಲೈತೀವು ಕಡೆ ಹೊರಟರೆ ಅಲ್ಲಿಂದಲೇ ತೆಗೆದುಕೊಂಡು ಹೋಗಿ.

ಆಂಬುಲೆನ್ಸ್‌ಗೆ 1990, ಉಚಿತ. ಪೊಲೀಸ್‌ಗೆ 119. ಎರಡನ್ನೂ ಅಪ್ಪನ ಫೋನಿಗೂ ಹಾಕಿಡಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅದಕ್ಕೆ ನಿಧಾನವಾಗಿ ಕೂತು ಬರೆಯಬೇಕು, ರಾತ್ರಿ ಬರೆಯುತ್ತೇನೆ.

ಸುಮ್ನಿರಿ ಸ್ವಾಮಿ

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನನಗೆ ಈ ಯುದ್ಧದ ಜಾಗ ನೋಡುವ ಪ್ರವಾಸವೇ ಅರ್ಥವಾಗುವುದಿಲ್ಲ. ಜನ ಸತ್ತ ಜಾಗದಲ್ಲಿ ನಿಂತು ಫೋಟೊ. ಗುಂಡಿನ ತೂತಿನ ಪಕ್ಕ ಸೆಲ್ಫಿ. ಅವರ ಪಾಡಿಗೆ ಅವರು ಬದುಕು ಕಟ್ಟಿಕೊಳ್ಳುತ್ತಿದ್ದಾರೆ. ನಾವು ಹೋಗಿ ಯಾಕೆ ಕೆದಕಬೇಕು?

ಕ್ಯಾಮೆರಾ ಕಣ್ಣು

ಸ್ವಾಮಿಗಳೇ, ಹಾಗಂತ ಯಾರೂ ಹೋಗದೇ ಇದ್ದರೆ ಅಲ್ಲಿ ಮನೆಯಲ್ಲಿ ಕೋಣೆ ಬಾಡಿಗೆಗೆ ಕೊಡುವವನಿಗೆ, ಓಟೋ ಓಡಿಸುವವನಿಗೆ ಏನು ಲಾಭ? ಸೆಲ್ಫಿ ತೆಗೆಯದೇ ಇರುವುದು ನಮ್ಮ ಕೈಯಲ್ಲೇ ಇದೆಯಲ್ಲ.

ಆದರೆ ಫೋಟೊ ವಿಷಯದಲ್ಲಿ ನನಗೆ ಆದದ್ದು ಹೇಳುತ್ತೇನೆ. ಕಡಲ ದಂಡೆಯಲ್ಲಿ ಸೂರ್ಯ ಮುಳುಗುವುದನ್ನು ತೆಗೆಯುತ್ತಿದ್ದೆ. ಹಿಂದೆ ಒಂದು ಕಾವಲು ಗೋಪುರ ಇತ್ತು, ನಾನು ನೋಡಿಯೇ ಇರಲಿಲ್ಲ. ಎರಡೇ ನಿಮಿಷದಲ್ಲಿ ಸಮವಸ್ತ್ರದವರು ಬಂದರು. ಗದರಿಸಲಿಲ್ಲ. ಒಂದೊಂದೇ ಫೋಟೊ ತೋರಿಸು ಎಂದರು. ಪಾಸ್‌ಪೋರ್ಟ್ ನೋಡಿದರು. ಹನ್ನೊಂದು ಫೋಟೊ ಅಳಿಸಿದೆ. ಅದರಲ್ಲಿ ಎಂಟರಲ್ಲಿ ಗೋಪುರವೇ ಇರಲಿಲ್ಲ, ಆದರೂ ವಾದ ಮಾಡಲಿಲ್ಲ. ಆ ಭಾಗದಲ್ಲಿ ಈಗಲೂ ಸೇನೆಯ ಶಿಬಿರಗಳು ಜಾಸ್ತಿ. ಫೋಟೊ ತೆಗೆಯುವ ಮುಂಚೆ ಮುಳ್ಳುತಂತಿ, ಗೋಪುರ, ಹಸಿರು ಗೇಟು ಕಾಣುತ್ತಿದೆಯಾ ಅಂತ ಒಂದು ಸುತ್ತು ಕಣ್ಣಾಡಿಸಿ.

ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ. ಅಲ್ಲಿಯ ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಉತ್ತರದಲ್ಲಂತೂ ಆ ಸದ್ದು ಕೇಳಿದರೆ ಜನ ತಲೆ ಎತ್ತಿ ನೋಡುವ ರೀತಿಯೇ ಬೇರೆ.

ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ. ಬುದ್ಧನ ಹಚ್ಚೆ ಇದ್ದರೆ ಮುಚ್ಚಿಕೊಳ್ಳಿ. 2014ರಲ್ಲಿ ಒಬ್ಬ ಬ್ರಿಟಿಷ್ ಹೆಂಗಸನ್ನು ಅದೇ ಕಾರಣಕ್ಕೆ ದೇಶದಿಂದ ಕಳಿಸಿದ್ದರು.

ಕಬ್ಬಿಣದ ಕಡಲೆ

ನೆಲಬಾಂಬ್ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ನೆಲಬಾಂಬ್ ತೆಗೆಯುವ ಒಂದು ಸಂಸ್ಥೆಗೆ ನಕ್ಷೆ ಮಾಡಿಕೊಡುವ ಕೆಲಸದಲ್ಲಿ ಸ್ವಲ್ಪ ಕಾಲ ವವುನಿಯಾದಲ್ಲಿದ್ದೆ.

ಇದೆ. ಬಹುಪಾಲು ತೆಗೆದಾಗಿದೆ, ಆದರೆ ಪೂರ್ತಿ ಮುಗಿದಿಲ್ಲ. ಶ್ರೀಲಂಕಾ 2017ರ ಡಿಸೆಂಬರ್‌ನಲ್ಲಿ ನೆಲಬಾಂಬ್ ನಿಷೇಧದ ಒಪ್ಪಂದಕ್ಕೆ ಸೇರಿತು. ಹೇಲೊ ಟ್ರಸ್ಟ್, ಮ್ಯಾಗ್‌ನಂಥ ಸಂಸ್ಥೆಗಳು, ಸೇನೆಯ ತಂಡಗಳು ವರ್ಷಗಟ್ಟಲೆ ಕೆಲಸ ಮಾಡುತ್ತಿವೆ. ಆನೆಯಿರವು ದಾಟಿ ಮುಂದೆ ಬರುವ ಮುಹಮಾಲೈ ಅತಿ ಕಷ್ಟದ ಜಾಗಗಳಲ್ಲಿ ಒಂದಾಗಿತ್ತು. ಎರಡು ಸೈನ್ಯಗಳು ಎದುರುಬದುರು ವರ್ಷಗಟ್ಟಲೆ ಕೂತಿದ್ದ ಗಡಿ ಅದು, ಇಬ್ಬರೂ ಹುಗಿದಿದ್ದಾರೆ. ಅದನ್ನು ಇಂಚಿಂಚಾಗಿ ಕೆರೆದು ತೆಗೆಯುವವರಲ್ಲಿ ಹೆಂಗಸರು ತುಂಬ ಜನ. ಗಂಡ ಯುದ್ಧದಲ್ಲಿ ಹೋದವರೂ ಅದರಲ್ಲಿದ್ದಾರೆ. ಬಿಸಿಲಲ್ಲಿ ಭಾರದ ಅಂಗಿ, ಮುಖಕ್ಕೆ ಗಾಜಿನಂಥ ಮುಸುಕು, ಕೈಯಲ್ಲಿ ತೋಟದ ಕುಂಟೆಯಂಥದ್ದು. ಒಂದು ದಿನದ ಕೆಲಸ ಅಂದರೆ ಕೆಲವು ಚದರ ಮೀಟರು, ಅಷ್ಟೇ.

ಪ್ರವಾಸಿಗೆ ಅಪಾಯವಿದೆಯಾ? ಟಾರು ರಸ್ತೆ, ಊರು, ದೇವಸ್ಥಾನ, ಎಲ್ಲರೂ ಹೋಗುವ ಬೀಚು ಇವುಗಳಲ್ಲಿ ಹೆದರುವಂಥದ್ದೇನೂ ಇಲ್ಲ. ಅಪಾಯ ಎಲ್ಲಿ ಅಂದರೆ ನಾವು "ಇಲ್ಲೇ ಸ್ವಲ್ಪ" ಅಂತ ರಸ್ತೆ ಬಿಟ್ಟು ಇಳಿಯುವಾಗ. ಕಾರು ನಿಲ್ಲಿಸಿ ಪೊದೆ ಹಿಂದೆ ಹೋಗುತ್ತೇವಲ್ಲ, ಅದನ್ನು ಬಿಡಿ. ದಾರಿಯಲ್ಲಿ ಪೆಟ್ರೋಲ್ ಬಂಕ್, ಹೋಟೆಲು ಬಂದಾಗಲೇ ಮುಗಿಸಿಕೊಳ್ಳಿ. ಕೆಂಪು ಫಲಕದ ಮೇಲೆ ತಲೆಬುರುಡೆ ಕಂಡರೆ ಅದರಾಚೆ ಒಂದು ಹೆಜ್ಜೆಯೂ ಬೇಡ. ದನ ಮೇಯುತ್ತಿದೆ, ಏನೂ ಆಗಲ್ಲ ಅನ್ನುವ ಲೆಕ್ಕ ತಪ್ಪು. ದನ ಸತ್ತ ಕಥೆ ಆ ಕಡೆ ಬೇಕಾದಷ್ಟಿದೆ.

ಸೂರಿಲ್ಲದ ಪಾಳು ಮನೆಗಳು ಕಾಣುತ್ತವೆ. ಗೋಡೆಯಲ್ಲಿ ಆಲದ ಬೇರು ಇಳಿದಿರುತ್ತದೆ, ಫೋಟೊಗೆ ಚೆಂದ. ಒಳಗೆ ಹೋಗಬೇಡಿ. ಹಾಳು ಬಾವಿಗೆ ಬಗ್ಗಬೇಡಿ. ಮದ್ದುಗುಂಡನ್ನು ಬಾವಿಗೆ ಸುರಿದು ಹೋದದ್ದುಂಟು. ಇನ್ನೊಂದು, ಆ ಮನೆಗೆ ಯಜಮಾನ ಇದ್ದಾನೆ. ಕೆನಡಾದಲ್ಲೋ ಲಂಡನ್ನಲ್ಲೋ ಇರಬಹುದು, ಆದರೆ ಇದ್ದಾನೆ.

ಜೋರು ಮಳೆಯಾದ ಮೇಲೆ ಮಣ್ಣು ಕೊಚ್ಚಿ ಹಳೆಯ ಶೆಲ್ಲು ಮೇಲೆ ಬರುತ್ತದೆ. ತುಕ್ಕು ಹಿಡಿದ ಲೋಹ ಏನೇ ಕಂಡರೂ ಮುಟ್ಟಬೇಡಿ, ಒದೆಯಬೇಡಿ. ತಪ್ಪಿ ಅಂಥ ಕಡೆ ಹೋಗಿಬಿಟ್ಟರೆ ನಿಂತುಬಿಡಿ. ಬಂದ ಹೆಜ್ಜೆಯ ಮೇಲೇ ವಾಪಸ್ ಬನ್ನಿ. ಆಮೇಲೆ ಪೊಲೀಸರಿಗೆ ತಿಳಿಸಿ.

ಮೇಡಂ, ನಿಮ್ಮ ಅಪ್ಪನಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ನಿಮ್ಮ ಯಜಮಾನರಿಗೆ ಹೇಳಿ.

ಮಳೆಬಿಲ್ಲು

ಸರಿಯಾಗಿ ಹೇಳಿದಿರಿ. ಅಪ್ಪನಿಗೆ ಓದಿ ತೋರಿಸಿದೆ. "ಇವನಿಗೆ ವಿಷಯ ಗೊತ್ತು" ಎಂದರು. ಗಂಡ ಈಗ ಪೊದೆ ಕಂಡರೆ ದೂರ ನಿಲ್ಲುತ್ತೇನೆ ಎನ್ನುತ್ತಿದ್ದಾರೆ.

ದಕ್ಷಿಣಾಯನ

ಈಗ ಆ ಕೊನೆಯ ಪ್ರಶ್ನೆ.

ನಾವು ಭಾರತದಿಂದ ಹೋಗುವವರು ಒಂದು ತಪ್ಪು ಮಾಡುತ್ತೇವೆ. ಇದು ಅವರ ದೇಶದ ಒಳಗಿನ ಜಗಳ, ನಾವು ಪಕ್ಕದ ಮನೆಯವರು, ನೋಡಿಕೊಂಡು ಬರುತ್ತೇವೆ ಅಂದುಕೊಳ್ಳುತ್ತೇವೆ. ಉತ್ತರದಲ್ಲಿ ಹಾಗಲ್ಲ. ಅಲ್ಲಿಯ ಐವತ್ತು ದಾಟಿದ ಯಾರಿಗೇ ಆಗಲಿ ಭಾರತ ಅಂದರೆ ಎರಡು ನೆನಪು ಒಟ್ಟಿಗೇ ಬರುತ್ತವೆ. ನಮ್ಮವರು ಕಟ್ಟಿಸಿಕೊಟ್ಟ ಮನೆಗಳು, ಹಾಕಿದ ರೈಲು, ಜಾಫ್ನಾದ ಸಾಂಸ್ಕೃತಿಕ ಕೇಂದ್ರದ ಎತ್ತರದ ಕಟ್ಟಡ, ಆ 1990 ಆಂಬುಲೆನ್ಸ್, ಇವು ಒಂದು ಕಡೆ. ಶಾಂತಿಪಾಲನಾ ಪಡೆಯ ಕಾಲ ಇನ್ನೊಂದು ಕಡೆ. 1987ರ ಜುಲೈನಲ್ಲಿ ಬಂದಾಗ ಹಾರ ಹಾಕಿದ ಜನವೇ, ಹುಲಿಗಳಿಗೂ ನಮ್ಮವರಿಗೂ ಕಾದಾಟ ಶುರುವಾದ ಮೇಲೆ, ಅಕ್ಟೋಬರ್‌ಗೆ ಬಾಗಿಲು ಹಾಕಿಕೊಂಡರು.

ಜಾಫ್ನಾ ಆಸ್ಪತ್ರೆಯ ವಿಷಯ ನಿಮಗೆ ತಿಳಿದಿರಲೇಬೇಕು. ಅದೇ ಅಕ್ಟೋಬರ್ 21ರಂದು, ದೀಪಾವಳಿ ಸಮಯ, ನಮ್ಮ ಸೈನಿಕರು ಆಸ್ಪತ್ರೆಯೊಳಗೆ ನುಗ್ಗಿದರು. ರೋಗಿಗಳು, ವೈದ್ಯರು, ನರ್ಸುಗಳು ಸೇರಿ ಅರವತ್ತು–ಎಪ್ಪತ್ತು ಜನ ಸತ್ತರು. ಒಳಗಿನಿಂದ ಗುಂಡು ಹಾರಿತು ಅಂತ ನಮ್ಮ ಕಡೆಯವರು ಹೇಳುತ್ತಾರೆ. ಊರಿನವರು ಅದನ್ನು ಒಪ್ಪುವುದಿಲ್ಲ. ಪ್ರತಿ ವರ್ಷ ಅಲ್ಲಿ ದೀಪ ಹಚ್ಚುತ್ತಾರೆ. ಆಸ್ಪತ್ರೆ ಪೇಟೆಯ ನಡುವೆಯೇ ಇದೆ, ನೀವು ದಿನಕ್ಕೆ ನಾಲ್ಕು ಸಲ ಅದರ ಮುಂದೆ ಓಡಾಡುತ್ತೀರಿ. ನಿಮ್ಮ ಅಪ್ಪ ಹೋದದ್ದು ಅದರ ಮರುವರ್ಷ. ಆದರೆ ಸಮವಸ್ತ್ರ ಅದೇ ಅಲ್ವಾ.

ಹಾಗಾದರೆ ಹೇಳಬೇಕಾ ಬೇಡವಾ? ನನ್ನ ಅನುಭವದಲ್ಲಿ ಮೊದಲ ದಿನ ಬೇಡ. ಓಟೋದಲ್ಲಿ, ಹೋಟೆಲಿನ ಕೌಂಟರಿನಲ್ಲಿ, ಗುಂಪಿನಲ್ಲಿ ಬೇಡವೇ ಬೇಡ. ಸುಳ್ಳೂ ಹೇಳಬೇಡಿ. "ಮೊದಲೊಮ್ಮೆ ಬಂದಿದ್ದೆ, ತುಂಬ ವರ್ಷವಾಯಿತು" ಅಂದರೆ ಸಾಕು. ಅವರು ಮುಖ ನೋಡಿ, ವಯಸ್ಸು ನೋಡಿ ತಾವೇ ಲೆಕ್ಕ ಹಾಕುತ್ತಾರೆ. ಮುಂದಕ್ಕೆ ಕೇಳಬೇಕು ಅನ್ನಿಸಿದರೆ ಕೇಳುತ್ತಾರೆ. ಕೇಳದಿದ್ದರೆ ಅದೂ ಉತ್ತರವೇ.

ಹಳೆಯ ಸಮವಸ್ತ್ರದ ಫೋಟೊ ಫೋನಿನಲ್ಲಿದ್ದರೆ ಮನೆಯಲ್ಲೇ ಇಡಿ. ಸತ್ತ ಭಾರತೀಯ ಸೈನಿಕರ ಸ್ಮಾರಕ ಕೊಲಂಬೊ ಹತ್ತಿರದ ಕೋಟ್ಟೆಯಲ್ಲಿದೆ, ಸಾವಿರಕ್ಕೂ ಮೇಲ್ಪಟ್ಟು ಹೆಸರುಗಳನ್ನು ಕೆತ್ತಿದ್ದಾರೆ. ಅಪ್ಪನಿಗೆ ಗೊತ್ತಿರುವ ಹೆಸರೂ ಅದರಲ್ಲಿರಬಹುದು. ಪಲಾಲಿಯಲ್ಲೂ ಒಂದಿದೆ, ಅದು ಸೇನೆಯ ಜಾಗ. ಜಾಫ್ನಾದಲ್ಲೇ ನಮ್ಮ ದೇಶದ ಕಾನ್ಸುಲೇಟ್ ಇದೆ, ಮೊದಲೇ ಅವರನ್ನು ಕೇಳಿ ನೋಡಿ.

ನಿವೃತ್ತ ಮೇಷ್ಟ್ರು

ದಕ್ಷಿಣಾಯನ ಅವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನೋವು ಒಂದೇ ಕಡೆಯದಲ್ಲ. 1990ರ ಅಕ್ಟೋಬರ್ ಕೊನೆಗೆ ಜಾಫ್ನಾದ ಮುಸ್ಲಿಮರನ್ನು ಹುಲಿಗಳು ಎರಡೇ ಗಂಟೆಯ ಗಡುವು ಕೊಟ್ಟು ಊರಿಂದ ಓಡಿಸಿದರು. ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ 1996ರಲ್ಲಿ, ಕ್ಯಾಂಡಿಯ ದಂತ ದೇವಾಲಯಕ್ಕೆ 1998ರಲ್ಲಿ ಬಾಂಬ್ ಇಟ್ಟರು. ನೀವು ಕ್ಯಾಂಡಿಗೂ ಹೋಗುತ್ತೀರಲ್ಲ, ಅಲ್ಲಿ ಚೀಲ ತಪಾಸಣೆ ಮಾಡಿದರೆ ಬೇಸರ ಬೇಡ. ದಕ್ಷಿಣದ ಡ್ರೈವರ್ ಹೇಳುವ ಕಥೆ ಒಂದು, ಉತ್ತರದ ಓಟೋದವನು ಹೇಳುವ ಕಥೆ ಇನ್ನೊಂದು. ಎರಡನ್ನೂ ಕೇಳಿಸಿಕೊಳ್ಳಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸಬೇಡಿ.

ಜಾಫ್ನಾದ ಗ್ರಂಥಾಲಯ ತಪ್ಪಿಸಬೇಡಿ. 1981ರ ಜೂನ್ 1ರ ರಾತ್ರಿ ಅದಕ್ಕೆ ಬೆಂಕಿ ಬಿತ್ತು. ಸುಮಾರು 97,000 ಪುಸ್ತಕ, ಓಲೆಗರಿ ಸುಟ್ಟು ಹೋದವು. ಯುದ್ಧ ಶುರುವಾದದ್ದು 1983ರಲ್ಲಿ ಅನ್ನುತ್ತಾರೆ, ಜಾಫ್ನಾದವರು ಮಾತು ಶುರು ಮಾಡುವುದು ಈ ಗ್ರಂಥಾಲಯದಿಂದ. ಈಗ ಬೆಳ್ಳಗೆ ಹೊಸದಾಗಿ ನಿಂತಿದೆ, ಒಳಗೆ ಮಕ್ಕಳು ಪರೀಕ್ಷೆಗೆ ಓದುತ್ತಿರುತ್ತಾರೆ. ನೋಡಲು ಬರುವವರನ್ನು ಎಲ್ಲ ಹೊತ್ತಿನಲ್ಲೂ ಬಿಡುವುದಿಲ್ಲ, ಸಮಯ ಕೇಳಿಕೊಂಡು ಹೋಗಿ. ನಾನು ಇನ್ನೂ ಹೋಗಿಲ್ಲ. ನೀವು ಹೋದರೆ ಹೇಗಿದೆ ಅಂತ ತಿಳಿಸಿ.

ಸುಮ್ನಿರಿ ಸ್ವಾಮಿ

ಮೇಷ್ಟ್ರೇ, ದಕ್ಷಿಣಾಯನ ಅವರೇ, ಓದಿದೆ. ಆಸ್ಪತ್ರೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ನನ್ನ ಮಾತು ಪೂರ್ತಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಹೋಗುವ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದು ತಪ್ಪು.

ಒಂದು ಕೇಳುತ್ತೇನೆ. ರಸ್ತೆ ಪಕ್ಕದ ಯುದ್ಧ ಸ್ಮಾರಕಗಳಿಗೆ ಹೋಗಬೇಕಾ?

ದಕ್ಷಿಣಾಯನ

ಹೋಗಿ, ಆದರೆ ಯಾರದು ಅಂತ ತಿಳಿದುಕೊಂಡು ಹೋಗಿ. ಆನೆಯಿರವಿನಲ್ಲಿ 1991ರ ಕಾಳಗಕ್ಕೆ ಹುಲಿಗಳು ತಂದಿದ್ದ ಬುಲ್ಡೋಜರ್ ಇಟ್ಟಿದ್ದಾರೆ. ಅದನ್ನು ತಡೆದು ಸತ್ತ ಸೈನಿಕನ ನೆನಪಿಗೆ. ದಕ್ಷಿಣದಿಂದ ಬಸ್ಸುಗಟ್ಟಲೆ ಜನ ಬಂದು ಕೈ ಮುಗಿಯುತ್ತಾರೆ. ಕಿಲಿನೊಚ್ಚಿಯಲ್ಲಿ ಉರುಳಿಬಿದ್ದ ದೊಡ್ಡ ನೀರಿನ ಟ್ಯಾಂಕ್ ಇತ್ತು. ಪುದುಕ್ಕುಡಿಯಿರುಪ್ಪಿನಲ್ಲಿ ನೀರಿನ ನಡುವೆ ಸೈನಿಕನ ಪ್ರತಿಮೆ. ಇವೆಲ್ಲ ಗೆದ್ದವರ ಸ್ಮಾರಕಗಳು. ಹುಲಿಗಳು ತಮ್ಮ ಸತ್ತ ಹುಡುಗರನ್ನು ಹೂತಿದ್ದ ಜಾಗಗಳನ್ನು ಸೇನೆ ನೆಲಸಮ ಮಾಡಿತು. ಕೆಲವನ್ನು ಊರಿನವರೇ ಮತ್ತೆ ಗುಡಿಸಿ, ಒಡೆದ ಕಲ್ಲು ಕೂಡಿಸಿ ಇಟ್ಟಿದ್ದಾರೆ. ಹಾಗಾಗಿ ಆ ಪ್ರತಿಮೆಯ ಮುಂದೆ ಹೆಬ್ಬೆರಳು ಎತ್ತಿ ಫೋಟೊ ತೆಗೆಸಿಕೊಂಡು, ಅರ್ಧ ಗಂಟೆ ಬಿಟ್ಟು ಅದೇ ಊರಿನ ಅಂಗಡಿಯಲ್ಲಿ ಟೀ ಕುಡಿದರೆ ಹೇಗಿರುತ್ತದೆ, ಯೋಚಿಸಿ.

ನವೆಂಬರ್ 27 (ಸತ್ತ ಹುಲಿಗಳನ್ನು ನೆನೆಯುವ ದಿನ) ಮತ್ತು ಮೇ 18 (2009ರಲ್ಲಿ ಯುದ್ಧ ಮುಗಿದ ದಿನ) ಉತ್ತರದಲ್ಲಿ ಸೂಕ್ಷ್ಮ ದಿನಗಳು. ಮೇ 18ಕ್ಕೆ ಮುಳ್ಳಿವಾಯ್ಕಾಲ್‌ನಲ್ಲಿ ಗಂಜಿ ಹಂಚುತ್ತಾರೆ, ಯುದ್ಧದ ಕೊನೆಯ ದಿನಗಳಲ್ಲಿ ಜನಕ್ಕೆ ಸಿಗುತ್ತಿದ್ದದ್ದು ಅದೊಂದೇ. ಪೊಲೀಸರ ಕಣ್ಣೂ ಅಲ್ಲಿರುತ್ತದೆ. ಫೆಬ್ರುವರಿಯಲ್ಲಿ ಹೋಗುವವರಿಗೆ ಆ ಚಿಂತೆ ಇಲ್ಲ. ಆದರೆ ಕಾಣೆಯಾದ ಮಕ್ಕಳ ಫೋಟೊ ಹಿಡಿದು ತಾಯಂದಿರು ಕಿಲಿನೊಚ್ಚಿಯಲ್ಲಿ ರಸ್ತೆ ಪಕ್ಕ ಕೂರಲು ಶುರು ಮಾಡಿದ್ದು 2017ರ ಫೆಬ್ರುವರಿಯಲ್ಲೇ. ಅಂಥವರು ಕಂಡರೆ ನಿಂತು ಫಲಕ ಓದಬಹುದು, ನಮಸ್ಕಾರ ಮಾಡಬಹುದು. ಕ್ಯಾಮೆರಾ ಎತ್ತಬೇಡಿ. "ಸಿಗುತ್ತಾರೆ ಬಿಡಿ ಅಮ್ಮ" ಅಂತ ಸಮಾಧಾನವನ್ನೂ ಹೇಳಬೇಡಿ.

ಮರೆತಿದ್ದೆ. ಹುಲಿ ಚಿಹ್ನೆ ಇರುವ ಯಾವುದನ್ನೂ ಕೊಳ್ಳಬೇಡಿ, ಫೋನಿನಲ್ಲೂ ಇಟ್ಟುಕೊಳ್ಳಬೇಡಿ. ಆ ಸಂಘಟನೆಗೆ ಅಲ್ಲೂ ನಿಷೇಧ, 1992ರಿಂದ ಇಲ್ಲೂ ನಿಷೇಧ. ಖಾಲಿ ಕಾಡತೂಸನ್ನು ನೆನಪಿಗೆ ಅಂತ ಚೀಲಕ್ಕೆ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲಿ ನಿಮ್ಮ ರಜೆ ಮುಗಿಯಿತು ಅಂತಲೇ ಲೆಕ್ಕ.

ನಾಲಿಗೆಚಪಲ

ಎಲ್ಲರೂ ಭಾರದ ವಿಷಯ ಹೇಳಿದಿರಿ, ಊಟ ಯಾರೂ ಹೇಳಲಿಲ್ಲ!

ಜಾಫ್ನಾದ ಏಡಿ ಸಾರು ತಿನ್ನದೆ ಬರಬೇಡಿ. ಒಡಿಯಲ್ ಕೂಳ್ ಅಂತ ಒಂದಿದೆ. ತಾಳೆಮರದ ಗೆಡ್ಡೆಯ ಹಿಟ್ಟಿನಲ್ಲಿ ಮೀನು, ಏಡಿ, ಸಿಗಡಿ ಎಲ್ಲ ಹಾಕಿ ಕುದಿಸಿದ ಗಟ್ಟಿ ಗಂಜಿ. ಖಾರ ಕಣ್ಣಲ್ಲಿ ನೀರು ತರಿಸುತ್ತದೆ. ಸಸ್ಯಾಹಾರಿಗಳಾದರೆ ಪೇಟೆಯಲ್ಲಿ ಮಲಯನ್ ಕೆಫೆ, ಬಾಳೆಲೆ ಊಟ. ಸಂಜೆ ನಲ್ಲೂರು ದೇವಸ್ಥಾನ ಮುಗಿಸಿ ಪಕ್ಕದಲ್ಲೇ ರಿಯೊ ಐಸ್‌ಕ್ರೀಂ. ನಲ್ಲೂರಿನಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು, ಬಿಚ್ಚಲು ಸುಲಭವಾದದ್ದು ಹಾಕಿಕೊಂಡು ಹೋಗಿ. ನೀರು ಮಾತ್ರ ಬಾಟಲಿಯದೇ ಕುಡಿಯಿರಿ, ಅಲ್ಲಿ ಸುಣ್ಣಕಲ್ಲಿನ ನೆಲ, ಬಾವಿ ನೀರು ಒಗ್ಗುವುದಿಲ್ಲ.

ಭಾಷೆ ಬಗ್ಗೆ ಒಂದು ಮಜಾ. ನಾವು ತಮಿಳು ಸಿನಿಮಾ ನೋಡಿ ಕಲಿತ ತಮಿಳು ಅಲ್ಲಿ ಸ್ವಲ್ಪ ಎಡವುತ್ತದೆ. 'ಹೌದು' ಅನ್ನಲು ಅವರು 'ಓಂ' ಎನ್ನುತ್ತಾರೆ. ಮೊದಲ ದಿನ ಓಟೋದವನು ನಾನು ಕೇಳಿದ್ದಕ್ಕೆಲ್ಲ ಓಂ ಓಂ ಅಂದಾಗ ಭಾರಿ ದೈವಭಕ್ತ ಅಂದುಕೊಂಡೆ. ಮಾತಾಡುವುದಕ್ಕೆ 'ಕದೈಕ್ಕಿರದು' ಎನ್ನುತ್ತಾರೆ, ನಮ್ಮ ಕಥೆ ಇದ್ದ ಹಾಗೆ. ಯಾವ ಊರು ಅಂದರೆ ಕರ್ನಾಟಕ ಅನ್ನಿ.

ಮೀನುಗಾರರ ಜೊತೆ ಮಾತಿಗೆ ಕೂತರೆ ಭಾರತದ ಟ್ರಾಲರ್ ದೋಣಿಗಳ ಬಗ್ಗೆ ಬೈಗುಳ ಖಂಡಿತ. ತಳ ಗುಡಿಸಿಕೊಂಡು ಹೋಗುತ್ತಾರೆ, ನಮ್ಮ ಬಲೆ ಹರಿಯುತ್ತಾರೆ ಅಂತ. ಅಂಥ ಮೀನುಗಾರಿಕೆಯನ್ನು ಶ್ರೀಲಂಕಾ 2017ರಲ್ಲೇ ನಿಷೇಧಿಸಿದೆ. ನಮ್ಮ ಪರ ವಕಾಲತ್ತು ವಹಿಸಲು ಹೋಗಬೇಡಿ, ಏಡಿ ತಿನ್ನಿ.

ಕಬ್ಬಿಣದ ಕಡಲೆ

ಉಳಿಯುವ ಜಾಗದ ಬಗ್ಗೆ. ಸೇನೆ, ನೌಕಾಪಡೆ ನಡೆಸುವ ರೆಸಾರ್ಟ್‌ಗಳೂ ಅಲ್ಲಿವೆ. ಕಾಂಗೇಸನ್‌ತುರೈಯ ತಲ್ಸೆವನ ಸೇನೆಯದು. ಚೊಕ್ಕವಾಗಿರುತ್ತದೆ, ಜಾಗವೂ ಚೆಂದ. ಆದರೆ ಆ ಸುತ್ತಿನ ಜಮೀನು ವಾಪಸ್ ಸಿಗಲಿ ಅಂತ ವರ್ಷಗಟ್ಟಲೆ ಕಾದ ಕುಟುಂಬಗಳಿವೆ. ನಾನಾಗಿದ್ದರೆ ಊರಿನವರ ಮನೆಯಲ್ಲಿ ಕೋಣೆ ಹಿಡಿಯುತ್ತೇನೆ. ದುಡ್ಡು ನೇರ ಅವರ ಕೈಗೆ ಹೋಗುತ್ತದೆ. ಬೆಳಗ್ಗೆ ಇಡಿಯಾಪ್ಪ, ಸೊದಿ (ತೆಂಗಿನಹಾಲಿನ ಸಾರು) ಮನೆಯದೇ ಸಿಗುತ್ತದೆ. ಮುಖ್ಯವಾಗಿ, ನಿಮ್ಮ ಅಪ್ಪನಂಥವರಿಗೆ ಜಗಲಿ ಬೇಕು, ಲಾಬಿ ಅಲ್ಲ.

ಬಸ್ಸುಹುಚ್ಚ

ನೈನಾತೀವು ದ್ವೀಪಕ್ಕೆ ಹೋಗುವುದಾದರೆ ಕುರಿಕಟ್ಟುವಾನ್ ಜೆಟ್ಟಿಯಿಂದ ದೋಣಿ. ಒಂದೇ ದ್ವೀಪದಲ್ಲಿ ನಾಗಪೂಷಣಿ ಅಮ್ಮನ ಗುಡಿ, ಸ್ವಲ್ಪ ದೂರಕ್ಕೆ ಬೌದ್ಧರ ನಾಗದೀಪ ವಿಹಾರ. ದೋಣಿಗೆ ಇಳಿಯುವಾಗ ಮೆಟ್ಟಿಲು ಎತ್ತರ, ಮಂಡಿ ನೋವಿಗೆ ಒಬ್ಬರು ಕೈ ಹಿಡಿಯಬೇಕು. ನೆಡುಂತೀವು ಚೆಂದ, ಕಾಡುಕುದುರೆ, ಹವಳದ ಕಲ್ಲಿನ ಗೋಡೆ ಎಲ್ಲ ಇವೆ. ಆದರೆ ದೋಣಿ ಪ್ರಯಾಣ ಉದ್ದ. ಅಪ್ಪನಿಗೆ ಬೇಡ.

ಮಳೆಬಿಲ್ಲು

ಎಲ್ಲರಿಗೂ ವಂದನೆ. ಹೋಗಿ ಬಂದ ಮೇಲೆ ಬರೆಯುತ್ತೇನೆ.

ಮಳೆಬಿಲ್ಲು (ಏಳು ವಾರಗಳ ನಂತರ)

ಬಂದೆವು. ಬರೆಯಲು ತಡವಾಯಿತು.

ರೈಲಿನಲ್ಲಿ ಹೋದೆವು. ಅಪ್ಪ ವವುನಿಯಾ ತನಕ ನಿದ್ದೆ ಮಾಡಿದರು, ಅಲ್ಲಿಂದಾಚೆ ಕಿಟಕಿ ಬಿಟ್ಟು ಕದಲಲಿಲ್ಲ. ಆನೆಯಿರವು ಬಂದಾಗ "ನೀರು ಇಷ್ಟು ಹತ್ತಿರ ಇತ್ತಾ" ಎಂದರು, ಅಷ್ಟೇ.

ನಲ್ಲೂರಿನ ಹತ್ತಿರ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆವು. ಯಜಮಾನರಿಗೆ ಐವತ್ತರ ಆಸುಪಾಸು, ಸೈಕಲ್ ಬಿಡಿಭಾಗದ ಅಂಗಡಿ. ದಕ್ಷಿಣಾಯನ ಅವರು ಹೇಳಿದಂತೆ ಅಪ್ಪ "ಮೊದಲೊಮ್ಮೆ ಬಂದಿದ್ದೆ" ಎಂದಷ್ಟೇ ಹೇಳಿದರು. ಅವರು ತಲೆ ಆಡಿಸಿದರು. ಎರಡು ದಿನ ಆ ಮಾತು ಬರಲಿಲ್ಲ. ಆಸ್ಪತ್ರೆಯ ಮುಂದೆ ಓಟೋ ನಿಂತಾಗ ಅಪ್ಪ ಇಳಿದರು. ಒಳಗೆ ಹೋಗಲಿಲ್ಲ. ಗೇಟಿನ ಎದುರು ಹಣ್ಣಿನ ಗಾಡಿ ಇತ್ತು, ಅದರ ಪಕ್ಕ ಹತ್ತು ನಿಮಿಷ ನಿಂತಿದ್ದು ವಾಪಸ್ ಹತ್ತಿದರು. ನಾನು ಏನೂ ಕೇಳಲಿಲ್ಲ.

ಮೂರನೇ ದಿನ ರಾತ್ರಿ ಕರೆಂಟು ಹೋಗಿತ್ತು, ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಯಜಮಾನರೇ ಕೇಳಿದರು, "ಅಯ್ಯಾ, ನೀವು ಯಾವ ಕ್ಯಾಂಪಿನಲ್ಲಿ ಇದ್ದದ್ದು?" ಅಪ್ಪ ಹೇಳಿದರು. ಅವರು ಸುಮ್ಮನಾದರು. ಆಮೇಲೆ, "ಆ ಚೆಕ್‌ಪೋಸ್ಟಿನಲ್ಲಿ ದಿನಾ ನನ್ನ ಸೈಕಲ್ಲಿನ ಸೀಟು ಬಿಚ್ಚಿಸಿ ನೋಡುತ್ತಿದ್ದಿರಿ. ನನಗೆ ಹದಿಮೂರು. ಶಾಲೆಗೆ ದಿನಾ ತಡ. ಮೇಷ್ಟ್ರ ಹತ್ತಿರ ಏಟು" ಎಂದರು. ಅಪ್ಪ, "ನಾನು ಇರಬಹುದು" ಎಂದರು. "ಇರಬಹುದು" ಎಂದು ಅವರೂ ಅಂದರು. ಅವರ ಅಣ್ಣನ ಬಗ್ಗೆ ಒಂದು ಮಾತು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಆ ಚೆಕ್‌ಪೋಸ್ಟಿನ ಪಕ್ಕದ ಬೇಕರಿ ರಸ್ತೆಯ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಇಬ್ಬರಿಗೂ ಜಗಳ. ಅಪ್ಪನ ಹರಕು ತಮಿಳು, ಅವರ ಸಿನಿಮಾ ಹಿಂದಿ. ಅರ್ಧ ಗಂಟೆ! ಬೆಳಗ್ಗೆ ಇಬ್ಬರೂ ಸ್ಕೂಟರಿನಲ್ಲಿ ನೋಡಲು ಹೋದರು. ಈಗ ಅಲ್ಲಿ ಎರಡೂ ಕಡೆ ಮೊಬೈಲ್ ಅಂಗಡಿ. ಜಗಳ ಇನ್ನೂ ಬಗೆಹರಿದಿಲ್ಲ. ಅವರು ಹಳೆಯ ಊರಿನವರನ್ನು ಕೇಳಿ ಫೋನ್ ಮಾಡುತ್ತಾರಂತೆ.

ಮುಲ್ಲೈತೀವಿಗೆ ಹೋಗಲಿಲ್ಲ. ಅಪ್ಪನೇ ಬೇಡ ಎಂದರು. ಕೋಟ್ಟೆಯ ಸ್ಮಾರಕದಲ್ಲಿ ಎರಡು ಹೆಸರು ಹುಡುಕಿದರು, ಒಂದು ಸಿಕ್ಕಿತು.

ಬಾಕಿ ಚಿಲ್ಲರೆ ವಿಷಯಗಳು. ಯುಪಿಐ ಕೊಲಂಬೊದಲ್ಲಿ ಮೂರು ಕಡೆ ನಡೆಯಿತು, ಜಾಫ್ನಾದಲ್ಲಿ ನಾವು ಹೋದ ಕಡೆ ಒಂದೂ ಇಲ್ಲ. ಫೆಬ್ರುವರಿಯಲ್ಲೂ ಮಧ್ಯಾಹ್ನದ ಬಿಸಿಲು ಜೋರು, ಟೋಪಿ ಬೇಕೇ ಬೇಕು. ಗಂಡ ಪೊದೆ ಹತ್ತಿರವೂ ಹೋಗಲಿಲ್ಲ. ಓಂ ಅನ್ನುವುದು ನಮಗೂ ಅಭ್ಯಾಸವಾಗಿ ಮನೆಯಲ್ಲೂ ನಡೆದಿದೆ.

ಮೇಷ್ಟ್ರೇ, ಗ್ರಂಥಾಲಯಕ್ಕೆ ಹೋಗಿದ್ದೆವು. ಚಪ್ಪಲಿ ಹೊರಗೆ ಬಿಡಬೇಕು. ನೀವು ಹೋಗುವಾಗ ಸಾಕ್ಸ್ ಹಾಕಿಕೊಂಡು ಹೋಗಿ, ಮೆಟ್ಟಿಲು ಕಾದಿರುತ್ತದೆ.